‘ದಿ ಜನರಲ್’ 78 ನಿಮಿಷದ್ದೋ, 104 ನಿಮಿಷದ್ದೋ? ಕನ್ನಡ ಟೈಟಲ್ ಹಾಕಿ ತೋರಿಸುವುದಕ್ಕೆ ಸಲಹೆ ಬೇಕು

ಟೂರಿಂಗ್_ಟೆಂಟು:

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಸಮುದಾಯ ಭವನದಲ್ಲಿ ಬಸ್ಟರ್ ಕೀಟನ್ ಅವರ ಮೂಕಿ ಹಾಸ್ಯಚಿತ್ರ ‘ದಿ ಜನರಲ್’ (1926) ತೋರಿಸಬೇಕೆಂದಿದ್ದೇವೆ. 80 ಜನ ಕೂರುವ ಹಾಲ್, 10 ಅಡಿ ಅಗಲದ ಪರದೆ (ಈಗಿನ ಟಿವಿ ಅಳತೆಯ 16:9), ಒಂದು ಲ್ಯಾಪ್‌ಟಾಪ್, ಸಾಧಾರಣ ಪ್ರೊಜೆಕ್ಟರ್. ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾತ್ರ ಓದುತ್ತಾರೆ.

ಚಿತ್ರದ ಎರಡು ಫೈಲ್ ಇವೆ. ಒಂದು 78 ನಿಮಿಷ, ಇನ್ನೊಂದು 104 ನಿಮಿಷ. ಗಿಡ್ಡದರಲ್ಲಿ ಏನೋ ಕತ್ತರಿಸಿದ್ದಾರೆ ಅಂದುಕೊಂಡು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ದೃಶ್ಯಗಳೆಲ್ಲ ಎರಡರಲ್ಲೂ ಇವೆ. ಹಾಗಾದರೆ ಆ 26 ನಿಮಿಷ ಎಲ್ಲಿಂದ ಬಂತು? ಉದ್ದದ ಪ್ರತಿಯಲ್ಲಿ ಚಿತ್ರ ಹೆಚ್ಚು ಸ್ಪಷ್ಟವಾಗಿದೆ, ಹಾಗಾಗಿ ಅದನ್ನು ಬಿಡಲು ಮನಸ್ಸಿಲ್ಲ. ಟೈಟಲ್ ಕಾರ್ಡ್‌ಗಳನ್ನು (ದೃಶ್ಯಗಳ ನಡುವೆ ಬರುವ ಬರಹದ ಫಲಕಗಳನ್ನು) ಕನ್ನಡದಲ್ಲಿ ಕೊಡುವುದು ಹೇಗೆ, ಕೀಬೋರ್ಡ್ ನುಡಿಸುವವರನ್ನು ಕೂರಿಸಿದರೆ ಹೇಗಿರುತ್ತದೆ ಅನ್ನುವುದನ್ನೂ ತಿಳಿದವರು ಹೇಳಿ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಇನ್ನೊಂದು ಪ್ರದರ್ಶನ ಇದೆ, ಅದಕ್ಕೆ ಇದಕ್ಕಿಂತ ಚಿಕ್ಕದು ಯಾವುದಾದರೂ ಇದ್ದರೆ ಒಳ್ಳೆಯದು.

ರೀಲು_ಲೆಕ್ಕ:

ಆ 26 ನಿಮಿಷ ಎಲ್ಲಿಂದಲೂ ಬಂದಿಲ್ಲ. ಅದೇ ಚಿತ್ರ, ನಿಧಾನಕ್ಕೆ ಓಡುತ್ತಿದೆ, ಅಷ್ಟೇ. ಲೆಕ್ಕ ಹಾಕಿ ನೋಡಿ: 78 ನಿಮಿಷಕ್ಕೆ 4,680 ಸೆಕೆಂಡ್, ಸೆಕೆಂಡಿಗೆ 24 ಫ್ರೇಮ್‌ನಂತೆ 1,12,320 ಫ್ರೇಮ್ (ಫಿಲ್ಮಿನ ಮೇಲಿನ ಒಂದೊಂದು ಬಿಡಿ ಚಿತ್ರವೇ ಒಂದು ಫ್ರೇಮ್). ಇಷ್ಟೇ ಫ್ರೇಮ್‌ಗಳನ್ನು ಸೆಕೆಂಡಿಗೆ 18ರಂತೆ ಓಡಿಸಿದರೆ 6,240 ಸೆಕೆಂಡ್, ಅಂದರೆ ಸರಿಯಾಗಿ 104 ನಿಮಿಷ.

ಮೂಕಿ ಚಿತ್ರಗಳ ಉದ್ದವನ್ನು ಆಗ ಅಡಿಯಲ್ಲಿ, ರೀಲಿನಲ್ಲಿ ಹೇಳುತ್ತಿದ್ದುದು ಇದೇ ಕಾರಣಕ್ಕೆ. 35 ಎಂಎಂ ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮ್ ಇರುತ್ತವೆ. 1,000 ಅಡಿಯ ಒಂದು ರೀಲು 16 ಫ್ರೇಮ್ ವೇಗಕ್ಕೆ 16 ನಿಮಿಷ 40 ಸೆಕೆಂಡ್, 20ಕ್ಕೆ 13 ನಿಮಿಷ 20 ಸೆಕೆಂಡ್, 24ಕ್ಕೆ 11 ನಿಮಿಷ ಚಿಲ್ಲರೆ. ‘ದಿ ಜನರಲ್’ 8 ರೀಲಿನ ಚಿತ್ರ. ಆದ್ದರಿಂದ ಮೂಕಿ ಚಿತ್ರದ ಮೇಲೆ ಬರೆದ ನಿಮಿಷ ನೋಡಿ ಪೂರ್ತಿ, ಅಪೂರ್ಣ ಅಂತ ತೀರ್ಮಾನಿಸಬೇಡಿ.

ನಿಮ್ಮ ಪ್ರದರ್ಶನಕ್ಕೆ 78 ನಿಮಿಷದ ವೇಗವೇ ಸರಿ. 1926ರ ಹೊತ್ತಿಗೆ ದೊಡ್ಡ ಚಿತ್ರಮಂದಿರಗಳಲ್ಲಿ ಫಿಲ್ಮು ನಿಮಿಷಕ್ಕೆ 80–90 ಅಡಿ ಓಡುತ್ತಿತ್ತು. 90 ಅಡಿ ಅಂದರೆ ಸೆಕೆಂಡಿಗೆ 24 ಫ್ರೇಮ್. ಕಣ್ಣಲ್ಲೇ ಪರೀಕ್ಷಿಸಬೇಕಾದರೆ ಮೊದಲ ಭಾಗದಲ್ಲಿ ನಾಯಕ ಜಾನಿ (ಕೀಟನ್) ತನ್ನ ಹುಡುಗಿ ಆನಬೆಲ್ ಮನೆಗೆ ನಡೆದು ಹೋಗುವುದನ್ನು ನೋಡಿ, ಅವನ ಹಿಂದೆ ಇಬ್ಬರು ಹುಡುಗರು ಸಾಲಾಗಿ ಬರುತ್ತಾರೆ. ಮನುಷ್ಯರ ಸಾಮಾನ್ಯ ನಡಿಗೆ ಸೆಕೆಂಡಿಗೆ ಎರಡು ಹೆಜ್ಜೆಯ ಹತ್ತಿರ ಇರುತ್ತದೆ. ನಿಧಾನದ ಪ್ರತಿಯಲ್ಲಿ ಮೂವರೂ ಮೊಣಕಾಲುದ್ದ ನೀರಿನಲ್ಲಿ ನಡೆದಂತೆ ಕಾಣುತ್ತಾರೆ. ಪರೀಕ್ಷೆಗೆ ಓಟ, ಬೀಳುವುದು, ಬೆನ್ನಟ್ಟುವುದು ಬೇಡ. ಅವುಗಳನ್ನು ಬೇಕೆಂದೇ ಬೇರೆ ವೇಗದಲ್ಲಿ ತೆಗೆದಿರಬಹುದು. ಬರಿಯ ನಡಿಗೆಯನ್ನೇ ನೋಡಿ.

ಸ್ಪಷ್ಟವಾಗಿರುವ ಪ್ರತಿಯನ್ನೇ ಉಳಿಸಿಕೊಳ್ಳಬೇಕೆಂದರೆ ಮೊದಲು ಅದನ್ನು ಒಂದೊಂದೇ ಫ್ರೇಮ್ ಮುಂದಕ್ಕೆ ತಳ್ಳಿ ನೋಡಿ. ವಿಎಲ್‌ಸಿ ಪ್ಲೇಯರಿನಲ್ಲಿ ‘ಇ’ (E) ಕೀಲಿ ಒತ್ತಿದರೆ ಒಂದು ಫ್ರೇಮ್ ಮುಂದೆ ಹೋಗುತ್ತದೆ. ಮೂರು ಫ್ರೇಮ್ ಚಲಿಸಿ ನಾಲ್ಕನೆಯದು ಅಲ್ಲಾಡದೆ ನಿಂತರೆ 18ನ್ನು 24 ಮಾಡಲು ಪ್ರತಿ ಮೂರನೇ ಫ್ರೇಮನ್ನು ಎರಡು ಸಲ ಹಾಕಿದ್ದಾರೆ ಎಂದರ್ಥ. ಇದು ಸರಿಪಡಿಸಬಹುದಾದ ದೋಷ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಿದ್ದುವ ತಂತ್ರಾಂಶದ ಡೆಸಿಮೇಟ್ ಫಿಲ್ಟರ್‌ನಲ್ಲಿ ಸೈಕಲ್ 4 ಎಂದು ಕೊಟ್ಟರೆ (ಏನೂ ಕೊಡದಿದ್ದರೆ ಅದು 5 ಎಂದು ಹಿಡಿಯುತ್ತದೆ, ಮರೆಯಬೇಡಿ) ನಾಲ್ಕರಲ್ಲಿ ಆ ಒಂದನ್ನು ತೆಗೆದು ಹಾಕುತ್ತದೆ. ಆಮೇಲೆ ಉಳಿದ ಫ್ರೇಮ್‌ಗಳಿಗೆ ಸೆಕೆಂಡಿಗೆ 24ರಂತೆ ಹೊಸದಾಗಿ ಸಮಯ ಕೂರಿಸಿ. ಹಾಗೆ ಮಾಡದೆ ಪ್ಲೇಯರಿನಲ್ಲಿ ವೇಗ ಮಾತ್ರ 1.33ಕ್ಕೆ ಏರಿಸಿದರೆ ಹೊತ್ತು ಸರಿಹೋಗುತ್ತದೆ, ಆದರೆ ಹೆಚ್ಚುವರಿ ಫ್ರೇಮ್‌ಗಳು ಒಳಗೇ ಉಳಿಯುತ್ತವೆ. ರೈಲು ಅಡ್ಡಕ್ಕೆ ಸಾಗುವಾಗ ತಡವರಿಸಿದಂತೆ ಕಾಣುವುದು ಅದರಿಂದಲೇ.

ಫ್ರೇಮ್‌ಗಳಲ್ಲಿ ಎರಡು ಚಿತ್ರ ಒಂದರ ಮೇಲೊಂದು ಕಲೆತು ನೆರಳು ಬಿದ್ದಂತಿದ್ದರೆ ಮಾತ್ರ ಆ ಫೈಲನ್ನು ಬಿಟ್ಟುಬಿಡಿ. ಕಲೆತದ್ದನ್ನು ಬಿಡಿಸಲು ಬರುವುದಿಲ್ಲ.

ಹಳೇ_ಬಯಾಸ್ಕೋಪು:

ಒಂದು ಸಂದೇಹ. ಆ ಕಾಲದ ಕ್ಯಾಮೆರಾ ಕೈಯಲ್ಲಿ ತಿರುಗಿಸುವುದು. ಒಂದು ಸುತ್ತಿಗೆ 8 ಫ್ರೇಮ್, ಸೆಕೆಂಡಿಗೆ ಎರಡು ಸುತ್ತು, ಅಲ್ಲಿಗೆ 16. ತೆಗೆದದ್ದು 16ಕ್ಕೆ ಆದರೆ ತೋರಿಸುವುದೂ 16–18ಕ್ಕೇ ಇರಬೇಕಲ್ಲವೇ? 24ಕ್ಕೆ ಓಡಿಸುವುದರಿಂದಲೇ ಹಳೇ ಚಿತ್ರದಲ್ಲಿ ಎಲ್ಲರೂ ಗೊಂಬೆಗಳ ಥರ ಪುಟುಪುಟು ಓಡುತ್ತಾರೆ ಅಂತ ಕೇಳಿದ್ದೇನೆ.

ರೀಲು_ಲೆಕ್ಕ:

ಸುತ್ತಿನ ಲೆಕ್ಕ ಸರಿಯಾಗಿದೆ. ಆದರೆ ತೆಗೆದ ವೇಗ ಬೇರೆ, ತೋರಿಸಲೆಂದು ಅಂದುಕೊಂಡ ವೇಗ ಬೇರೆ. 1900ರ ದಶಕದ ಚಿತ್ರಗಳಿಗೆ 16 ಹೊಂದುತ್ತದೆ. ಇಪ್ಪತ್ತರ ದಶಕಕ್ಕೆ ಬರುವಷ್ಟರಲ್ಲಿ ಕ್ಯಾಮೆರಾದವರೂ ಜೋರಾಗಿ ತಿರುಗಿಸುತ್ತಿದ್ದರು, ಚಿತ್ರಮಂದಿರದವರು ಅದಕ್ಕಿಂತ ಜೋರಾಗಿ ಓಡಿಸುತ್ತಿದ್ದರು. ಹಾಸ್ಯಚಿತ್ರ ತೆಗೆಯುವವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬೆನ್ನಟ್ಟುವ ದೃಶ್ಯಕ್ಕೆ ಕೈ ನಿಧಾನ ಮಾಡಿ 12–14 ಫ್ರೇಮ್‌ಗೆ ಇಳಿಸುತ್ತಿದ್ದರು, ಪರದೆಯ ಮೇಲೆ ಓಟ ಹೆಚ್ಚಲಿ ಅಂತ. ಅಂದರೆ ಒಂದೇ ಚಿತ್ರದೊಳಗೆ ಶಾಟಿನಿಂದ ಶಾಟಿಗೆ ವೇಗ ಬದಲಾಗಿರುತ್ತದೆ. ಎಲ್ಲವನ್ನೂ ‘ನೈಜ’ ಮಾಡುತ್ತೇವೆಂದು 16ಕ್ಕೆ ಇಳಿಸಿದರೆ ನಗಿಸಲೆಂದು ಕೂರಿಸಿದ ವೇಗವೇ ಹೊರಟುಹೋಗುತ್ತದೆ.

‘ದಿ ಜನರಲ್’ನಲ್ಲೇ ಉದಾಹರಣೆ ಇದೆ. ಹುಡುಗಿ ಮಾತು ಬಿಟ್ಟಳೆಂದು ಕೀಟನ್ ಎಂಜಿನ್ ಚಕ್ರಗಳನ್ನು ಜೋಡಿಸುವ ಕಬ್ಬಿಣದ ಸರಳಿನ ಮೇಲೆ ಮಂಕಾಗಿ ಕೂತಿರುತ್ತಾನೆ. ಎಂಜಿನ್ ಹೊರಡುತ್ತದೆ. ಸರಳು ಅವನನ್ನು ಮೇಲಕ್ಕೆತ್ತಿ ಮುಂದೆ ಒಯ್ದು ಕೆಳಗಿಳಿಸುತ್ತದೆ, ಅವನಿಗೆ ಅದರ ಪರಿವೆಯೇ ಇಲ್ಲ. ಎಂಜಿನ್ ಶೆಡ್ಡಿನ ಒಳಗೆ ಹೋಗುವ ಹೊತ್ತಿಗೆ ತಾನೆಲ್ಲಿದ್ದೇನೆಂದು ಗೊತ್ತಾಗುತ್ತದೆ. ಇದು ನಿಜವಾದ ಎಂಜಿನ್. ಚಾಲಕ ಆವಿ ಸ್ವಲ್ಪ ಹೆಚ್ಚು ಬಿಟ್ಟಿದ್ದರೂ ಚಕ್ರಗಳು ನಿಂತಲ್ಲೇ ಗಿರ್ರನೆ ತಿರುಗಿ ಕೀಟನ್‌ರನ್ನು ಎಸೆದುಬಿಡುತ್ತಿದ್ದವು. ಅದಕ್ಕೇ ಆ ಹೊರಡುವಿಕೆ ಅಷ್ಟು ಮೆತ್ತಗಿದೆ. 24ರಲ್ಲಿ ನೋಡಿದರೆ ಚಕ್ರ ತಿರುಗುವುದಕ್ಕೂ ಅವನಿಗೆ ಎಚ್ಚರವಾಗುವುದಕ್ಕೂ ನಡುವಿನ ಹೊತ್ತು ಹದವಾಗಿದೆ. 18ರಲ್ಲಿ ಅದು ಎಷ್ಟು ಎಳೆಯುತ್ತದೆಂದರೆ ಇವನಿಗೆ ಇನ್ನೂ ಯಾಕೆ ಗೊತ್ತಾಗಲಿಲ್ಲ ಅಂತ ನೋಡುವವರು ಯೋಚಿಸಲು ಶುರುಮಾಡುತ್ತಾರೆ. ಅಲ್ಲಿಗೆ ನಗು ಸತ್ತಿತು.

‘ಮೂಕಿ ಎಂದರೆ 16 ಇಲ್ಲವೇ 18’ ಎಂಬ ಲೆಕ್ಕ ಬಲವಾಗಿ ಅಂಟಿಕೊಂಡಿರುವುದು 16 ಎಂಎಂ ಪ್ರೊಜೆಕ್ಟರುಗಳ ‘ಸೈಲೆಂಟ್’ ಸ್ವಿಚ್ಚಿನಿಂದ. ಆ ಸ್ವಿಚ್ಚಿಗೆ ಯಾವ ಚಿತ್ರ ಹಾಕಿದರೂ ಒಂದೇ ವೇಗ.

ಚಕ್ರ_ದುಂಡಗಿರಲಿ:

ವೇಗದ ಜೊತೆಗೆ ಅಳತೆಯನ್ನೂ ನೋಡಿಕೊಳ್ಳಿ. ಇದು 4:3 ಚಿತ್ರ. ನಿಮ್ಮ 10 ಅಡಿ ಪರದೆಯ ಎತ್ತರ 5 ಅಡಿ 7 ಅಂಗುಲದ ಆಸುಪಾಸು ಇರುತ್ತದೆ, ಆದ್ದರಿಂದ ಚಿತ್ರ ಬರುವುದು ಏಳೂವರೆ ಅಡಿ ಅಗಲಕ್ಕೆ. ಎರಡು ಪಕ್ಕದಲ್ಲೂ ಕಪ್ಪು ಉಳಿಯುತ್ತದೆ, ಉಳಿಯಲಿ. ಪರದೆ ಖಾಲಿ ಕಾಣುತ್ತದೆಂದು ಯಾರೋ ಒಬ್ಬರು ರಿಮೋಟ್ ತೆಗೆದುಕೊಂಡು ‘ಫುಲ್’ ಒತ್ತಿಯೇ ಒತ್ತುತ್ತಾರೆ, ಅವರಿಗೆ ಮೊದಲೇ ಹೇಳಿಡಿ.

ಎಳೆದಿದೆಯೋ ಇಲ್ಲವೋ ತಿಳಿಯಲು ಈ ಚಿತ್ರದಲ್ಲಿ ಸುಲಭದ ದಾರಿ ಇದೆ. ಎಂಜಿನ್ ನೇರ ಪಕ್ಕದಿಂದ ಕಾಣುವ ಶಾಟಿನಲ್ಲಿ ನಿಲ್ಲಿಸಿ, ದೊಡ್ಡ ಚಕ್ರದ ಅಗಲ ಮತ್ತು ಎತ್ತರವನ್ನು ಪರದೆಯ ಮೇಲೇ ಟೇಪು ಹಿಡಿದು ಅಳೆಯಿರಿ. ಎರಡೂ ಒಂದೇ ಬರಬೇಕು. ಮೊಟ್ಟೆಯಾಕಾರ ಬಂದರೆ ಪ್ರೊಜೆಕ್ಟರಿನ ಆಸ್ಪೆಕ್ಟ್ ಆಯ್ಕೆ 4:3 ಅಥವಾ ‘ಒರಿಜಿನಲ್’ ಆಗಿದೆಯೇ, ಕೀಸ್ಟೋನ್ (ಓರೆಯಾಗಿ ಬೀಳುವ ಚಿತ್ರವನ್ನು ನೆಟ್ಟಗೆ ಮಾಡುವ ಹೊಂದಿಕೆ) ಹೆಚ್ಚಾಗಿದೆಯೇ ನೋಡಿ.

ಅಗಲ ತುಂಬಲೆಂದು ಮೇಲೆ ಕೆಳಗೆ ಕತ್ತರಿಸಿದ ಪ್ರತಿಗಳೂ ಓಡಾಡುತ್ತವೆ. ಅವುಗಳಲ್ಲಿ ಚಿತ್ರದ ಎತ್ತರದ ನಾಲ್ಕನೇ ಒಂದು ಭಾಗ ಹೋಗಿರುತ್ತದೆ. ಕೀಟನ್ ತಲೆಯಿಂದ ಪಾದದವರೆಗೆ ಇಡೀ ಮೈಯನ್ನು ಫ್ರೇಮಿನೊಳಗೆ ಇಟ್ಟು ತೆಗೆಯುವವರು, ಅವರ ಹಾಸ್ಯದ ಅರ್ಧ ಪಾಲು ಕಾಲಿನಲ್ಲೇ ಇದೆ. ಪಾದ ಕಾಣದ ಪ್ರತಿ ಎಷ್ಟೇ ಸ್ಪಷ್ಟವಾಗಿರಲಿ, ಬೇಡ.

ಒತ್ತಕ್ಷರ:

ಕನ್ನಡ ಟೈಟಲ್ ಬಗ್ಗೆ. ಇಂಗ್ಲಿಷ್ ಕಾರ್ಡನ್ನು ಹಾಗೇ ಬಿಟ್ಟು ಕೆಳಗೆ ಸಬ್‌ಟೈಟಲ್ ಕೊಡುವುದು ಸುಲಭದ ದಾರಿ. ಕಾರ್ಡನ್ನೇ ತೆಗೆದು ಕನ್ನಡದ ಕಾರ್ಡ್ ಕೂರಿಸುವುದು ನೋಡಲು ಚೆಂದ. ಕೂರಿಸುವುದಾದರೆ ಹಳೆಯದು ಎಷ್ಟು ಫ್ರೇಮ್ ಇತ್ತೋ ಹೊಸದೂ ಅಷ್ಟೇ ಇರಬೇಕು. ಒಂದೊಂದು ಕಾರ್ಡಿಗೆ ಅರ್ಧ ಸೆಕೆಂಡ್ ಜಾಸ್ತಿಯಾದರೂ 40 ಕಾರ್ಡ್ ಕಳೆಯುವಷ್ಟರಲ್ಲಿ ಸಂಗೀತ 20 ಸೆಕೆಂಡ್ ಮುಂದೆ ಓಡಿರುತ್ತದೆ.

18ರಿಂದ 24ಕ್ಕೆ ಏರಿಸಿದಾಗ ಕಾರ್ಡುಗಳೂ ಗಿಡ್ಡವಾಗುತ್ತವೆ, ಇದನ್ನು ಮರೆಯುವವರೇ ಹೆಚ್ಚು. 6 ಸೆಕೆಂಡ್ ನಿಲ್ಲುತ್ತಿದ್ದದ್ದು ನಾಲ್ಕೂವರೆಗೆ ಬರುತ್ತದೆ. ಆದ್ದರಿಂದ ಪದಕ್ಕೆ ಪದ ಅನುವಾದ ಬೇಡ. ಎರಡು ಸಾಲು, ಸಾಲಿಗೆ 25–30 ಅಕ್ಷರ ಮೀರದಂತೆ ಬರೆದು ಗಟ್ಟಿಯಾಗಿ ಒಂದು ಸಲ ಓದಿ. ಕಾರ್ಡ್ ಹೋಗುವ ಮುಂಚೆ ಮುಗಿಯದಿದ್ದರೆ ಪದ ಕಡಿಮೆ ಮಾಡಿ.

ಈ ಚಿತ್ರದಲ್ಲಿ ಮೂರು ಕಡೆ ಎಡವುವುದು ಖಂಡಿತ. ಚಿತ್ರದ ಹೆಸರೇ ಮೊದಲನೆಯದು. ‘ಜನರಲ್’ ಅಂದರೆ ಇಲ್ಲಿ ಸೇನಾಪತಿ ಅಲ್ಲ, ಎಂಜಿನ್ನಿನ ಹೆಸರು. ಮೊದಲ ಕಾರ್ಡಿನಲ್ಲೇ ಗೊತ್ತಾಗುವಂತೆ ಮಾಡಿ. ಇನ್ನೊಂದು, ಸೈನ್ಯಕ್ಕೆ ಸೇರಲು ಹೋದಾಗ ಜಾನಿ ಹೇಳುವ ಕಸುಬು. ಇಂಗ್ಲಿಷಿನಲ್ಲಿ ‘ಎಂಜಿನಿಯರ್’ ಎಂದಿರುತ್ತದೆ. ಅಮೆರಿಕದಲ್ಲಿ ಹಾಗೆಂದರೆ ರೈಲು ಓಡಿಸುವವನು. ನಾವು ‘ಎಂಜಿನಿಯರ್’ ಎಂದೇ ಬರೆದರೆ ನಮ್ಮ ಜನ ಸೇತುವೆ ಕಟ್ಟುವವನೆಂದು ತಿಳಿಯುತ್ತಾರೆ, ಅವನನ್ನು ಯಾಕೆ ಬೇಡವೆಂದರೆಂಬುದೇ ಅರ್ಥವಾಗುವುದಿಲ್ಲ. ‘ರೈಲು ಚಾಲಕ’ ಎಂದೇ ಹಾಕಿ.

ಮೂರನೆಯದು ನಾಜೂಕಿನದು. ಅವನ ಬಾಳಿನಲ್ಲಿ ಎರಡು ಒಲವುಗಳಿದ್ದವು ಅಂತ ಶುರುವಾಗುವ ಕಾರ್ಡು ಎಂಜಿನ್ನನ್ನು ಹೆಸರಿಸಿ, ‘ಮತ್ತು’ ಎಂದು ಅಲ್ಲೇ ನಿಂತುಬಿಡುತ್ತದೆ. ಮುಂದಿನ ಶಾಟು ಹುಡುಗಿಯ ಫೋಟೊ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ‘ತನ್ನ ಎಂಜಿನ್ ಮತ್ತು ಆನಬೆಲ್ ಇಬ್ಬರನ್ನೂ ಪ್ರೀತಿಸುತ್ತಿದ್ದ’ ಅಂತ ಮುಗಿಸುವ ಆಸೆ ಆಗುತ್ತದೆ. ಮುಗಿಸಿದರೆ ಫೋಟೊಗೆ ಹೇಳಲು ಏನೂ ಉಳಿಯುವುದಿಲ್ಲ. ‘ಅವನಿಗೆ ಜೀವ ಎರಡರ ಮೇಲೆ: ಒಂದು ಎಂಜಿನ್, ಇನ್ನೊಂದು...’ ಹೀಗೆ ಬಾಯಿ ತೆರೆದು ಬಿಡಿ. ಉಳಿದದ್ದನ್ನು ಚಿತ್ರ ಹೇಳುತ್ತದೆ.

ಫಾಂಟಿನ ವಿಷಯ. ನುಡಿ ಅಥವಾ ಬರಹದ ಹಳೇ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿದ ಫೈಲ್ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಕಸವಾಗಿ ಬರುತ್ತದೆ. ಯೂನಿಕೋಡ್‌ಗೆ ಬದಲಿಸಿ, ಯುಟಿಎಫ್-8 ಎಂದು ಆಯ್ದು ಸೇವ್ ಮಾಡಿ. ಪ್ಲೇಯರಿನ ಸಬ್‌ಟೈಟಲ್ ಸೆಟ್ಟಿಂಗಿನಲ್ಲಿ ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟನ್ನು ನೀವೇ ಆರಿಸಿ. ಆರಿಸದಿದ್ದರೆ ಕೆಲವು ಕಡೆ ಚೌಕ ಡಬ್ಬಿಗಳು ಬರುತ್ತವೆ, ಇಲ್ಲವೇ ಒತ್ತಕ್ಷರ ಕಳಚಿಕೊಂಡು ‘ಸೈನ್ಯ’ ಎಂಬುದು ‘ಸೈನ್‌ಯ’ ಆಗುತ್ತದೆ. ಅಕ್ಷರದ ಎತ್ತರ ಚಿತ್ರದ ಎತ್ತರದ ಹದಿನೈದನೇ ಒಂದು ಭಾಗದಷ್ಟಿರಲಿ. ಇಂಗ್ಲಿಷಿಗೆ ಸಾಕಾಗುವ ಗಾತ್ರ ಕನ್ನಡಕ್ಕೆ ಸಾಲದು. ಕಾರ್ಡ್ ನೀವೇ ಮಾಡುವುದಾದರೆ ಸಾಲುಗಳ ನಡುವೆ ಜಾಗ ಹೆಚ್ಚು ಬಿಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು. ಪರೀಕ್ಷೆಯನ್ನು ಪ್ರದರ್ಶನದ ದಿನ ಬಳಸುವ ಲ್ಯಾಪ್‌ಟಾಪಿನಲ್ಲೇ ಮಾಡಿ.

ಗಟ್ಟಿಯಾಗಿ ಓದಿ ಹೇಳುವವರನ್ನು ಕೂರಿಸುವುದಾದರೆ ಕಾರ್ಡ್ ಇರುವಾಗ ಮಾತ್ರ ಓದಬೇಕು. ನಟರ ಮುಖ ಕಾಣುತ್ತಿರುವಾಗ ಒಂದಕ್ಷರವೂ ಬೇಡ.

ಶ್ರುತಿಪೆಟ್ಟಿಗೆ:

ಕೀಬೋರ್ಡ್ ಕೂರಿಸಿ, ಖಂಡಿತ ಕೂರಿಸಿ. ವೇಗ ಬದಲಿಸಿದ ಫೈಲಿನಲ್ಲಿರುವ ಸಂಗೀತ ಹೇಗೂ ಕೆಡುತ್ತದೆ. ಶ್ರುತಿ ಏರುತ್ತದೆ, ಶ್ರುತಿ ಹಿಡಿದಿಟ್ಟರೆ ನಾದ ನಡುಗುತ್ತದೆ. ಪಕ್ಕದಲ್ಲಿ ನುಡಿಸುವವರಿದ್ದರೆ ಇನ್ನೊಂದು ಲಾಭ: ಮೇಲೆ ಹೇಳಿದ ಗಿಡ್ಡ ಕಾರ್ಡುಗಳನ್ನು ಒಂದೆರಡು ಸೆಕೆಂಡ್ ಹಿಗ್ಗಿಸಿದರೂ ತೊಂದರೆಯಿಲ್ಲ.

ನುಡಿಸುವವರು ಕನಿಷ್ಠ ಮೂರು ಸಲ ಪೂರ್ತಿ ಚಿತ್ರ ನೋಡಿರಬೇಕು. ನಾಲ್ಕೇ ನಾಲ್ಕು ಧುನ್ ಸಾಕು: ಜಾನಿಗೊಂದು, ಹುಡುಗಿಗೊಂದು, ಅಮೆರಿಕದ ಅಂತರ್ಯುದ್ಧದಲ್ಲಿ ಎಂಜಿನ್ ಕದಿಯುವ ಉತ್ತರದ ಸೈನಿಕರಿಗೊಂದು, ಎಂಜಿನ್ನಿಗೊಂದು. ಎಂಜಿನ್ನಿನದು ತಾಳ ಬಿಡದ ಓಟವಾಗಿರಲಿ, ಎರಡನೇ ಅರ್ಧದ ತುಂಬ ಅದೇ ಬೇಕಾಗುತ್ತದೆ. ಪ್ರತಿ ಬೀಳುವಿಕೆಗೂ ‘ಡುಂ’ ಅನ್ನಿಸುವ ಚಪಲ ಬೇಡ, ಹತ್ತು ನಿಮಿಷದಲ್ಲಿ ಜನ ಸುಸ್ತಾಗುತ್ತಾರೆ.

ಎರಡು ಕಡೆ ಕೀಬೋರ್ಡಿನಿಂದ ಕೈ ಎತ್ತಬೇಕು. ಫಿರಂಗಿಯ ಮೂತಿ ತಾನಾಗಿ ಬಾಗುತ್ತಾ ಜಾನಿಯ ಕಡೆಗೇ ತಿರುಗುವಾಗ ಸಂಗೀತ ಕ್ರಮೇಣ ಸೊರಗಿ ನಿಂತುಬಿಡಲಿ. ಇನ್ನೊಂದು ಉರಿಯುವ ಸೇತುವೆ. ಅದು ಆರಿಗನ್ ರಾಜ್ಯದ ರೋ ನದಿಯ ಮೇಲೆ 1926ರ ಜುಲೈ 23ರಂದು ನಿಜವಾದ ಎಂಜಿನ್ನನ್ನು ಬೀಳಿಸಿ ತೆಗೆದದ್ದು, ಆ ಒಂದು ಶಾಟಿಗೇ 42,000 ಡಾಲರ್ ಖರ್ಚಾಯಿತೆಂದು ಹೇಳುತ್ತಾರೆ. ಸೇತುವೆ ಮುರಿಯುವಾಗ ಎಷ್ಟು ಬೇಕಾದರೂ ನುಡಿಸಲಿ. ಆದರೆ ಅದಾದ ಕೂಡಲೇ, ದಾಟಿ ಎಂದು ಅಪ್ಪಣೆ ಕೊಟ್ಟ ಅಧಿಕಾರಿಯ ಮುಖ ಬರುತ್ತದೆ. ಅಲ್ಲಿ ಪೂರ್ತಿ ನಿಶ್ಶಬ್ದ. ದೊಡ್ಡ ನಗು ಬರುವುದು ಆ ಮುಖಕ್ಕೆ, ಸಂಗೀತ ಮುಂದುವರಿದರೆ ಅದನ್ನು ಮುಚ್ಚಿಹಾಕುತ್ತದೆ.

ಕೀಬೋರ್ಡಿನ ಮೇಲಿನ ದೀಪಕ್ಕೆ ಮರೆ ಕಟ್ಟಿ, ಬೆಳಕು ಪರದೆಗೆ ತಾಗಬಾರದು. ನುಡಿಸುವವರು ಪರದೆಯ ಬುಡದಲ್ಲಿ ಕೂತರೆ ಕತ್ತು ನೋಯುತ್ತದೆ, ಎರಡನೇ ಸಾಲಿನ ತುದಿಯಲ್ಲಿ ಕೂರಿಸಿ.

ಕೃತಿಸ್ವಾಮ್ಯದ ಮಾತು: ಚಿತ್ರ ಹಳೆಯದಾದರೂ ಅದಕ್ಕೆ ಆಮೇಲೆ ಬರೆದ ಸಂಗೀತ ಹಳೆಯದಲ್ಲ. ಈ ಚಿತ್ರಕ್ಕೆ ಸಂಗೀತ ಬರೆದ ಕಾರ್ಲ್ ಡೇವಿಸ್ ತೀರಿಕೊಂಡದ್ದು 2023ರಲ್ಲಿ. ನಮ್ಮ ಕಾಯ್ದೆಯಲ್ಲಿ ಸಂಗೀತದ ಹಕ್ಕು ಬರೆದವರು ತೀರಿದ ಮೇಲೂ 60 ವರ್ಷ ಇರುತ್ತದೆ. ನಿಮ್ಮ ಫೈಲಿನ ಸಂಗೀತ ಯಾರದೆಂದು ನೋಡಿ, ಅದನ್ನು ಬಳಸುವುದಾದರೆ ಅನುಮತಿ ಕೇಳಿ.

ಹಳೇ_ಬಯಾಸ್ಕೋಪು:

ವೇಗದ ವಿಷಯ ಈಗ ಸ್ಪಷ್ಟವಾಯಿತು, ಧನ್ಯವಾದ. ಮಕ್ಕಳ ಪ್ರದರ್ಶನಕ್ಕೆ ಕೀಟನ್ ಅವರದೇ ‘ಶರ್ಲಾಕ್ ಜೂನಿಯರ್’ (1924) ಹಾಕಿ. 5 ರೀಲು, ಸುಮಾರು 45 ನಿಮಿಷ. ಪ್ರೊಜೆಕ್ಟರ್ ನಡೆಸುವ ಹುಡುಗ ಕನಸಿನಲ್ಲಿ ಪರದೆಯೊಳಗೆ ನಡೆದು ಹೋಗುವ ಚಿತ್ರ, ಓದುವುದು ಕಡಿಮೆ, ನೋಡುವುದು ಹೆಚ್ಚು. ಅವನು ನಿಂತಲ್ಲೇ ಹಿಂದಿನ ದೃಶ್ಯ ತೋಟದಿಂದ ಬೀದಿಗೆ, ಬೆಟ್ಟಕ್ಕೆ, ಕಡಲಿಗೆ ಬದಲಾಗುತ್ತಾ ಹೋಗುತ್ತದೆ. ಕ್ಯಾಮೆರಾಕ್ಕೂ ಅವರಿಗೂ ಇರುವ ದೂರವನ್ನು ಪ್ರತಿ ಜಾಗದಲ್ಲೂ ಅಳತೆ ಉಪಕರಣ ಹಿಡಿದು ಹೊಂದಿಸಿ ತೆಗೆದದ್ದು ಅದು.

ಚಾಪ್ಲಿನ್ ಅವರ ‘ದಿ ಗೋಲ್ಡ್ ರಷ್’ ಹಾಕೋಣ ಅಂತ ಯಾರಾದರೂ ಹೇಳಿದರೆ ಯಾವುದು ಎಂದು ಕೇಳಿ. 1925ರ ಮೂಕಿ ಬೇರೆ, 1942ರಲ್ಲಿ ಚಾಪ್ಲಿನ್ ಅವರೇ ಕಾರ್ಡುಗಳನ್ನು ತೆಗೆದು ಇಂಗ್ಲಿಷಿನಲ್ಲಿ ವಿವರಣೆ ಓದಿ ಬಿಡುಗಡೆ ಮಾಡಿದ್ದು ಬೇರೆ. ಎರಡನೆಯದು ಗಿಡ್ಡ, ಸುಮಾರು 72 ನಿಮಿಷ. ಇಲ್ಲಿ ವೇಗದ ವ್ಯತ್ಯಾಸದ ಜೊತೆಗೆ ದೃಶ್ಯಗಳನ್ನೂ ನಿಜವಾಗಿ ಕತ್ತರಿಸಿದ್ದಾರೆ, ಕೊನೆಯ ಮುತ್ತೂ ಹೋಗಿದೆ. ಕನ್ನಡದ ಮಕ್ಕಳಿಗೆ ಉದ್ದಕ್ಕೂ ಇಂಗ್ಲಿಷ್ ಮಾತು ಕೇಳಿಸುವುದು ಬೇಡ. 1925ರದ್ದೇ ಹುಡುಕಿ.

ಚಕ್ರ_ದುಂಡಗಿರಲಿ:

ಇನ್ನೊಂದು ಮಾತು ಸೇರಿಸುತ್ತೇನೆ. ‘ದಿ ಜನರಲ್’ ಶುರುವಾಗುವ ಮೊದಲು ಎರಡು ನಿಮಿಷ ಹಿನ್ನೆಲೆ ಹೇಳಿ. 1862ರ ಏಪ್ರಿಲ್ 12ರಂದು ಉತ್ತರದ ಕಡೆಯವರು ಜಾರ್ಜಿಯಾದಲ್ಲಿ ಈ ಎಂಜಿನ್ ಕದ್ದು ಓಡಿದ್ದು ನಿಜವಾಗಿ ನಡೆದದ್ದು. ಚಿತ್ರ ಅದನ್ನು ದಕ್ಷಿಣದವರ ಕಡೆಯಿಂದ ಹೇಳುತ್ತದೆ, ನಮ್ಮ ನಾಯಕನೂ ಆ ಕಡೆಯವನೇ. ದಕ್ಷಿಣದ ರಾಜ್ಯಗಳು ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧಕ್ಕಿಳಿದವು, ಚಿತ್ರದಲ್ಲಿ ಅದರ ಸುದ್ದಿಯೇ ಇಲ್ಲ. ನಗುವ ಮುಂಚೆ ಇಷ್ಟು ಗೊತ್ತಿರುವುದು ನೋಡುವವರ ಹಕ್ಕು.

ಟೂರಿಂಗ್_ಟೆಂಟು:

ಎಲ್ಲರಿಗೂ ತುಂಬಾ ಧನ್ಯವಾದ. ಉದ್ದದ ಫೈಲನ್ನು ಫ್ರೇಮ್ ಫ್ರೇಮ್ ನೋಡಿದೆ, ರೀಲು_ಲೆಕ್ಕ ಅವರು ಹೇಳಿದಂತೆ ನಾಲ್ಕನೆಯದು ನಿಲ್ಲುತ್ತದೆ. ನೆರಳು ಕಲೆತಿಲ್ಲ. ಡೆಸಿಮೇಟ್ ಮಾಡುತ್ತೇನೆ. ಆದರೆ 104 ನಿಮಿಷದ ಫೈಲಿಗೆ ಕನ್ನಡ ಸಬ್‌ಟೈಟಲ್ ಸಮಯ ಕೂರಿಸಿ ಅರ್ಧ ಮುಗಿಸಿದ್ದೇನೆ. ಅದೆಲ್ಲ ವ್ಯರ್ಥವೇ?

ಒತ್ತಕ್ಷರ:

ಏನೂ ವ್ಯರ್ಥವಲ್ಲ. ಎಲ್ಲ ಸಮಯವನ್ನೂ 0.75ರಿಂದ ಗುಣಿಸಿದರೆ ಆಯಿತು. 40ನೇ ನಿಮಿಷದ ಕಾರ್ಡು 30ನೇ ನಿಮಿಷಕ್ಕೆ ಬರುತ್ತದೆ. ಉಳಿದರ್ಧವನ್ನೂ ಹಳೆಯ ಫೈಲಿಗೇ ಕೂರಿಸಿ ಮುಗಿಸಿ, ನಡುವೆ ಅಳತೆ ಬದಲಿಸಬೇಡಿ. ಆಮೇಲೆ ಸಬ್‌ಟೈಟಲ್ ಎಡಿಟ್ ತಂತ್ರಾಂಶದ ಪಾಯಿಂಟ್ ಸಿಂಕ್‌ನಲ್ಲಿ ಮೊದಲ ಕಾರ್ಡು ಮತ್ತು ಕೊನೆಯ ಕಾರ್ಡು ಹೊಸ ಫೈಲಿನಲ್ಲಿ ಎಲ್ಲಿ ಬರುತ್ತವೆಂದು ತೋರಿಸಿ, ನಡುವಿನದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ. ಕಾರ್ಡ್ ಹಿಗ್ಗಿಸುವ ಯೋಚನೆ ಇದ್ದರೆ ಅದನ್ನು ಈ ಹೊಂದಿಕೆಗಿಂತ ಮೊದಲು ಮಾಡಬೇಡಿ, ಲೆಕ್ಕ ತಪ್ಪುತ್ತದೆ. ಮುಗಿದ ಮೇಲೆ ಸೈನ್ಯಕ್ಕೆ ಸೇರುವ ದೃಶ್ಯದ ಹತ್ತಿರ ಒಂದು ಸಲ, ಸೇತುವೆಯ ಹತ್ತಿರ ಒಂದು ಸಲ ಓಡಿಸಿ ನೋಡಿ. ಎರಡೂ ಕಡೆ ಅಕ್ಷರ ಕಾರ್ಡಿನ ಜೊತೆಗೇ ಬಂದು ಜೊತೆಗೇ ಹೋದರೆ ಕೆಲಸ ಆಯಿತು.